ತೆರೆಯ ಮುಂದೆ ಕಳಚಿದ ಚಪ್ಪಲಿ

1975ರಲ್ಲಿ ಬಂದ ‘ಜೈ ಸಂತೋಷಿ ಮಾ’ ಎಂಬ ಹಿಂದಿ ಚಿತ್ರಕ್ಕೆ ಹೆಸರಾಂತ ತಾರೆಯರ ಬಲವಿರಲಿಲ್ಲ, ಹೇಳಿಕೊಳ್ಳುವಂಥ ಬಂಡವಾಳವೂ ಇರಲಿಲ್ಲ. ವಿಜಯ್ ಶರ್ಮಾ ಅದರ ನಿರ್ದೇಶಕರು. ದೇವಿಯಾಗಿ ಅನಿತಾ ಗುಹಾ, ಅವಳನ್ನೇ ನಂಬಿದ ಸೊಸೆ ಸತ್ಯವತಿಯಾಗಿ ಕಾನನ್ ಕೌಶಲ್. ‘ಶೋಲೆ’, ‘ದೀವಾರ್’ ತೆರೆಕಂಡ ಅದೇ ವರ್ಷ ಈ ಚಿತ್ರವೂ ಗಳಿಕೆಯಲ್ಲಿ ಅವುಗಳ ಸಾಲಿಗೆ ಬಂದು ನಿಂತಿತು. ಹಣಕ್ಕಿಂತ ಹೆಚ್ಚು ಸುದ್ದಿಯಾದದ್ದು ಚಿತ್ರಮಂದಿರದೊಳಗಿನ ನಡವಳಿಕೆ. ಹೆಂಗಸರು ಬಾಗಿಲಲ್ಲೇ ಚಪ್ಪಲಿ ಕಳಚಿಟ್ಟು ಒಳಗೆ ಹೋದರು. ದೇವಿ ತೆರೆಯ ಮೇಲೆ ಕಾಣಿಸಿಕೊಂಡಾಗ ಹೂವು ಎರಚಿದರು, ಚಿಲ್ಲರೆ ಕಾಸು ತೂರಿದರು, ಮನೆಯಿಂದ ತಂದ ತಟ್ಟೆಯಲ್ಲಿ ಆರತಿ ಎತ್ತಿದರು. ಆಟ ಮುಗಿದ ಮೇಲೆ ಪ್ರಸಾದ ಹಂಚಿದ್ದೂ ಉಂಟು. ಸಿನಿಮಾದಲ್ಲಿ ಧರ್ಮ ಹೇಗೆ ಕೆಲಸ ಮಾಡುತ್ತದೆ ಎಂದು ಮನಸ್ಸಿನ ದಾರಿಯಿಂದ ಹುಡುಕಹೊರಟ ವಿದ್ವಾಂಸರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅವರಲ್ಲಿ ಹೆಚ್ಚಿನವರು ಮೊದಲು ಕೇಳಿದ ಪ್ರಶ್ನೆ: ಈ ಹೆಂಗಸರು ಏನನ್ನು ನಂಬಿದ್ದರು, ಯಾಕೆ ನಂಬಿದ್ದರು? ಪ್ರಶ್ನೆ ಹೊರಟ ಜಾಗವೇ ಸರಿಯಿಲ್ಲ ಎಂಬುದು ನನ್ನ ವಾದ. ಚಪ್ಪಲಿ ಕಳಚುವುದು ಮೈಗೆ ಹತ್ತಿದ ಒಂದು ರೂಢಿ, ಆ ರೂಢಿಗೆ ತನ್ನದೇ ಇತಿಹಾಸವಿದೆ. ಅದನ್ನು ಬದಿಗಿಟ್ಟು ಒಳಮನಸ್ಸಿಗೆ ಇಳಿದವರಿಗೆ ಸಿಕ್ಕಿದ್ದು ಅರ್ಧ ಉತ್ತರ ಮಾತ್ರ.

ರೂಢಿ 1975ರಲ್ಲಿ ಹುಟ್ಟಿದ್ದಲ್ಲ. ದಾದಾಸಾಹೇಬ್ ಫಾಲ್ಕೆ 1917ರಲ್ಲಿ ‘ನವಯುಗ’ ಎಂಬ ಮರಾಠಿ ಪತ್ರಿಕೆಯಲ್ಲಿ ತಮ್ಮ ಕಥೆ ಬರೆದುಕೊಂಡಾಗ, ಮುಂಬಯಿಯಲ್ಲಿ ಕ್ರಿಸ್ತನ ಜೀವನದ ಚಿತ್ರವನ್ನು ನೋಡಿದ ಅನುಭವವನ್ನು ದಾಖಲಿಸಿದರು. ಕಣ್ಣಮುಂದೆ ಕ್ರಿಸ್ತನ ಚಿತ್ರ ಓಡುತ್ತಿದ್ದರೆ ಅವರ ಮನಸ್ಸಿನಲ್ಲಿ ಕೃಷ್ಣ, ರಾಮ, ಗೋಕುಲ, ಅಯೋಧ್ಯೆ ಮೂಡುತ್ತಿದ್ದವಂತೆ. ತಮ್ಮ ಮನಸ್ಸಿನೊಳಗೆ ನಡೆದದ್ದನ್ನು ನಮ್ಮ ಸಿನಿಮಾದ ಆದಿಪುರುಷನೇ ಬರೆದಿಟ್ಟ ಈ ಸಾಕ್ಷ್ಯ ಬೆಲೆಬಾಳುವಂಥದ್ದು. ಇಲ್ಲಿ ಭ್ರಮೆ ಯಾವುದೂ ಇಲ್ಲ. ಪರದೇಶದ ದೇವರ ಚಿತ್ರವನ್ನು ಅದು ಚಿತ್ರವೆಂದು ತಿಳಿದೇ ನೋಡುತ್ತ, ಅದೇ ಚೌಕಟ್ಟಿನಲ್ಲಿ ತಮ್ಮ ದೇವರನ್ನು ಕೂರಿಸುತ್ತಿರುವ ಕೆಲಸಗಾರನ ಮನಸ್ಸು ಅದು. ಕಲ್ಲಚ್ಚಿನ ಮುದ್ರಣ ಅವರ ಕಸುಬಾಗಿತ್ತು. ರವಿವರ್ಮನ ಬಣ್ಣದ ದೇವರುಗಳು ಮುದ್ರಣವಾಗುತ್ತಿದ್ದ ಲೋಕ ಅವರಿಗೆ ಪರಿಚಿತ. ಅಚ್ಚಿನ ಯಂತ್ರದಿಂದ ಸಾವಿರಗಟ್ಟಲೆ ಹೊರಬಂದ ಲಕ್ಷ್ಮಿ ಸರಸ್ವತಿಯರು ಚೌಕಟ್ಟು ಹಾಕಿಸಿಕೊಂಡು ಮನೆಯ ದೇವರಕೋಣೆ ಸೇರಿ ಕುಂಕುಮ ಹಚ್ಚಿಸಿಕೊಂಡದ್ದನ್ನು ಆ ತಲೆಮಾರು ಕಂಡಿತ್ತು. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಬಂತು. 1917ರ ‘ಲಂಕಾ ದಹನ’ದಲ್ಲಿ ರಾಮ ತೆರೆಗೆ ಬಂದಾಗ ಜನ ಅಡ್ಡಬಿದ್ದರೆಂದು ಚಿತ್ರೇತಿಹಾಸಕಾರರು ಹೇಳುತ್ತಾರೆ. ಆ ರಾಮನ ವೇಷ ಹಾಕಿದವರು ಅಣ್ಣಾ ಸಾಳುಂಕೆ. ಮುಂಬಯಿಯ ಒಂದು ಖಾನಾವಳಿಯಲ್ಲಿ ಅಡುಗೆ ಕೆಲಸಕ್ಕಿದ್ದವರು, ‘ಹರಿಶ್ಚಂದ್ರ’ದಲ್ಲಿ ತಾರಾಮತಿ. ‘ಲಂಕಾ ದಹನ’ದಲ್ಲಿ ಸೀತೆಯೂ ಅವರೇ. ರಾಮನಿಗೂ ಸೀತೆಗೂ ಒಂದೇ ಮುಖವಿದ್ದ ಚಿತ್ರದ ಮುಂದೆ ಅಡ್ಡಬಿದ್ದವರು ವೇಷವನ್ನು ವೇಷವೆಂದು ಗುರುತಿಸದೆ ಮೋಸಹೋದರು ಎನ್ನುವುದಾದರೆ, ಅವರಿಗೆ ಕಣ್ಣೇ ಇರಲಿಲ್ಲ ಎನ್ನಬೇಕಾಗುತ್ತದೆ.

ಆಗಲೇ ಅಮೆರಿಕದಲ್ಲಿ ಸಿನಿಮಾದ ಮನೋವಿಜ್ಞಾನ ಶುರುವಾಗಿತ್ತು. ಹಾರ್ವರ್ಡ್‌ನ ಹ್ಯೂಗೋ ಮನ್‌ಸ್ಟರ್‌ಬರ್ಗ್ 1916ರಲ್ಲಿ ಚಲನಚಿತ್ರದ ಮನೋವೈಜ್ಞಾನಿಕ ಅಧ್ಯಯನವನ್ನು ಪುಸ್ತಕವಾಗಿ ತಂದರು. ಹತ್ತಿರದ ಚಿತ್ರಿಕೆ ನಮ್ಮ ಗಮನದ ಕೆಲಸವನ್ನು ತೆರೆಯ ಮೇಲೆ ತಾನೇ ಮಾಡಿ ತೋರಿಸುತ್ತದೆ, ಹಿಂದಿನದಕ್ಕೆ ಹಾರುವ ದೃಶ್ಯ ನೆನಪಿನ ಕೆಲಸ ಮಾಡುತ್ತದೆ ಎಂಬುದು ಅವರ ಮುಖ್ಯ ಕಾಣ್ಕೆ. ಅದಕ್ಕಿಂತ ನನಗೆ ಮುಖ್ಯವೆನಿಸುವುದು ಆಳದ ಬಗ್ಗೆ ಅವರು ಹೇಳಿದ ಮಾತು. ತೆರೆ ಚಪ್ಪಟೆಯಾದದ್ದು ಎಂದು ನಮಗೆ ಗೊತ್ತಿರುತ್ತದೆ, ಆದರೂ ಅಲ್ಲಿ ಆಳವನ್ನು ಕಾಣುತ್ತೇವೆ. ಈ ಎರಡೂ ಒಟ್ಟಿಗೇ ಇರುತ್ತವೆ, ಒಂದು ಮತ್ತೊಂದನ್ನು ಅಳಿಸುವುದಿಲ್ಲ. ಅಡ್ಡಬಿದ್ದವರನ್ನು ಅರ್ಥಮಾಡಿಕೊಳ್ಳಲು ಬೇಕಾದ ಉಪಕರಣ ಹೀಗೆ ‘ಲಂಕಾ ದಹನ’ಕ್ಕಿಂತ ಒಂದು ವರ್ಷ ಮೊದಲೇ ಸಿದ್ಧವಿತ್ತು. ಆದರೆ ಮನ್‌ಸ್ಟರ್‌ಬರ್ಗ್ ಆ ವರ್ಷಾಂತ್ಯಕ್ಕೇ ತೀರಿಕೊಂಡರು, ಧರ್ಮದ ವಿಷಯಕ್ಕೆ ಅದನ್ನು ಯಾರೂ ಹಚ್ಚಲಿಲ್ಲ. ಅವರನ್ನು ಹಾರ್ವರ್ಡ್‌ಗೆ ಕರೆಸಿಕೊಂಡಿದ್ದ ವಿಲಿಯಂ ಜೇಮ್ಸ್ 1902ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಧರ್ಮವನ್ನು ಒಬ್ಬಂಟಿ ಮನುಷ್ಯನ ಅನುಭವವಾಗಿ ನೋಡುವ ಆಯ್ಕೆ ಮಾಡಿದ್ದರು. ಸಂಸ್ಥೆ, ವಿಧಿ, ಆಚರಣೆಗಳನ್ನು ತಿಳಿದೇ ಆಚೆಗಿಟ್ಟಿದ್ದರು. ಆ ಆಯ್ಕೆಯಿಂದ ಧರ್ಮದ ಮನೋವಿಜ್ಞಾನ ಗಳಿಸಿದ್ದು ಬಹಳ, ನಿಜ. ಕಳೆದುಕೊಂಡದ್ದು ಬಾಗಿಲ ಬಳಿ ಕಳಚಿಟ್ಟ ಚಪ್ಪಲಿಯನ್ನು.

ಫ್ರಾಯ್ಡ್ ಆಚರಣೆಯನ್ನು ನೋಡಲಿಲ್ಲ ಎನ್ನುವಂತಿಲ್ಲ. 1907ರಲ್ಲೇ ಅವರು ಧಾರ್ಮಿಕ ವಿಧಿಗಳ ಬಗ್ಗೆ ಬರೆದಿದ್ದರು, ಆದರೆ ಅವುಗಳನ್ನು ಗೀಳುರೋಗಿಯ ವರ್ತನೆಯ ಪಕ್ಕದಲ್ಲಿಟ್ಟು ನೋಡುವುದಕ್ಕಾಗಿ. 1927ರಲ್ಲಿ ಧರ್ಮವನ್ನು ಬಯಕೆಯಿಂದ ಹುಟ್ಟಿದ ಭ್ರಮೆ ಎಂದು ಕರೆದರು. ಸಿನಿಮಾವನ್ನು ಕನಸಿಗೆ ಹೋಲಿಸುವ ಅಭ್ಯಾಸವೂ ಅದೇ ಕಾಲದ್ದು. ಧರ್ಮ ಭ್ರಮೆಯಾದರೆ, ಸಿನಿಮಾ ಕನಸಾದರೆ, ದೇವರ ಸಿನಿಮಾ ಭ್ರಮೆಯೊಳಗಿನ ಕನಸು. ಅದನ್ನು ಬಿಡಿಸುವ ಕೆಲಸ ಮನೋವಿಶ್ಲೇಷಕನದು. ಭಾರತದಲ್ಲಿ ಈ ದಾರಿಯನ್ನು ಸೂಕ್ಷ್ಮವಾಗಿ ಬೆಳೆಸಿದವರು ಸುಧೀರ್ ಕಾಕರ್. 1978ರ ಪುಸ್ತಕದಲ್ಲಿ ಅವರು ಹಿಂದೂ ಬಾಲ್ಯದ ಒಳಲೋಕವನ್ನು, ಒಳ್ಳೆಯ ತಾಯಿ ಮತ್ತು ಕೆಟ್ಟ ತಾಯಿಯೆಂದು ಸೀಳಿದ ತಾಯಿಬಿಂಬವನ್ನು ವಿವರಿಸಿದರು. ಮುಂದೆ ಹಿಂದಿ ಚಿತ್ರಗಳನ್ನು ಜನಸಮೂಹ ಒಟ್ಟಾಗಿ ಕಾಣುವ ಹಗಲುಗನಸೆಂದು ಓದಿದರು. ಕೆಲವು ಕಥೆಗಳ ಮಟ್ಟಿಗೆ ಈ ಓದು ಬಹಳ ದೂರ ಬೆಳಕು ಚೆಲ್ಲುತ್ತದೆ. ಕಥೆ ಒಂದು, ಆ ಕಥೆ ನಡೆಯುವಾಗ ಚಿತ್ರಮಂದಿರದಲ್ಲಿ ಜನ ಮಾಡುವುದು ಇನ್ನೊಂದು ಎಂಬುದಷ್ಟೇ ನನ್ನ ತಕರಾರು. ಹಗಲುಗನಸು ಕಾಣುವವರು ಎದ್ದು ನಿಂತು ಕರ್ಪೂರ ಹಚ್ಚುವುದಿಲ್ಲ.

ಚಿತ್ರವನ್ನೇ ಹತ್ತಿರದಿಂದ ನೋಡೋಣ. ಮೊದಲ ಭಾಗದಲ್ಲೇ ಒಂದು ಆರತಿಯ ಹಾಡಿದೆ. ಸತ್ಯವತಿ ಗೆಳತಿಯರೊಂದಿಗೆ ಗುಡಿಯಲ್ಲಿ ಹಾಡುತ್ತಾಳೆ. ಕ್ಯಾಮೆರಾ ದೇವಿಯ ಮೂರ್ತಿಯತ್ತ ಮತ್ತೆ ಮತ್ತೆ ನುಗ್ಗಿ ಮುಖದ ಮೇಲೆ ನಿಲ್ಲುತ್ತದೆ. ಮರುಕ್ಷಣ ಸತ್ಯವತಿಯ ಕಣ್ಣು. ಆಮೇಲೆ ದೇವಿಯ ಕಡೆಯಿಂದಲೇ ಭಕ್ತರನ್ನು ಕಾಣುವ ಕೋನ. ನೋಡುವವಳು, ನೋಡಿಸಿಕೊಳ್ಳುವವಳು ಎಂಬ ಎರಡು ಸ್ಥಾನಗಳ ನಡುವೆ ನೋಟ ಹೋಗಿ ಬರುತ್ತದೆ. ದರ್ಶನವೆಂದರೆ ನಾವು ದೇವರನ್ನು ನೋಡುವುದಷ್ಟೇ ಅಲ್ಲ, ದೇವರ ಕಣ್ಣಿಗೆ ನಾವು ಬೀಳುವುದು ಕೂಡ. ಅಮೆರಿಕದ ವಿದ್ವಾಂಸ ಫಿಲಿಪ್ ಲುಟ್‌ಗೆಂಡಾರ್ಫ್ ಈ ಹಾಡಿನ ಜೋಡಣೆಯನ್ನು ಬಿಡಿಸಿ ತೋರಿಸಿದ್ದಾರೆ. ಇನ್ನೊಂದು ಎಡೆ: ವ್ರತ ಹದಿನಾರು ಶುಕ್ರವಾರದ್ದು, ನೈವೇದ್ಯಕ್ಕೆ ಬೆಲ್ಲ ಮತ್ತು ಹುರಿಗಡಲೆ, ಹುಳಿ ಮುಟ್ಟುವಂತಿಲ್ಲ. ಉದ್ಯಾಪನೆಯ ಊಟಕ್ಕೆ ಓರಗಿತ್ತಿಯರು ಹುಳಿ ಸೇರಿಸಿಬಿಡುತ್ತಾರೆ. ಹುಳಿ ಹಿಂಡುವುದು ಎಂಬ ನಮ್ಮ ಮಾತು ಇಲ್ಲಿ ಅಕ್ಷರಶಃ ನಡೆಯುತ್ತದೆ. ಮುಂದೇನಾಗುತ್ತದೆ ಎಂಬುದು ಸತ್ಯವತಿಗೆ ತಿಳಿಯುವ ಮೊದಲೇ ಸಭೆಯಲ್ಲಿ ಕೂತ ವ್ರತಸ್ಥ ಹೆಂಗಸಿಗೆ ಗೊತ್ತು, ಏಕೆಂದರೆ ನಾಲ್ಕಾಣೆಯ ವ್ರತಕಥೆಯ ಪುಸ್ತಕದಲ್ಲಿ ಅದನ್ನು ಅವಳು ವಾರವಾರವೂ ಓದಿಸಿ ಕೇಳಿದ್ದಾಳೆ. ಸಂತೋಷಿ ಮಾತೆಯ ಗುಡಿಗಳೂ ವ್ರತದ ಕಿರುಹೊತ್ತಗೆಗಳೂ ಉತ್ತರ ಭಾರತದಲ್ಲಿ ಚಿತ್ರಕ್ಕಿಂತ ಮೊದಲೇ ಇದ್ದವು. ಸಿನಿಮಾ ದೇವಿಯನ್ನು ಹುಟ್ಟಿಸಲಿಲ್ಲ, ಊರೂರಿಗೆ ಕರೆದೊಯ್ದಿತು. ಈ ಪ್ರೇಕ್ಷಕಿ ಕತ್ತಲಲ್ಲಿ ಮೈಮರೆತು ಕನಸು ಕಾಣುತ್ತಿಲ್ಲ. ತಾನು ಬಲ್ಲ ವಿಧಿಯನ್ನು ಮೈಯೆಲ್ಲ ಎಚ್ಚರವಾಗಿ ಪರೀಕ್ಷಿಸುತ್ತ ಕೂತಿದ್ದಾಳೆ.

ಮನೋವಿಶ್ಲೇಷಣೆಯ ಒಳಗಿನಿಂದಲೇ ಒಂದು ತಿದ್ದುಪಡಿಯೂ ಬಂತು. ಅದಕ್ಕೂ ಮೊದಲೇ ವೀಣಾ ದಾಸ್ ಎಂಬ ಸಮಾಜವಿಜ್ಞಾನಿ ಚಿತ್ರ ಬಂದ ಕೆಲವೇ ವರ್ಷಗಳಲ್ಲಿ ಅದರ ಬಗ್ಗೆ ಬರೆದು, ಅಸುರರನ್ನು ಕೊಲ್ಲುವ ಉಗ್ರದೇವಿಗಿಂತ ದಿನನಿತ್ಯದ ಸಂಕಟ ಕೇಳುವ ಈ ದೇವಿ ಬೇರೆಯೆಂದು ಗಮನಿಸಿದ್ದರು. ಆ ತಿದ್ದುಪಡಿಯಾಗಿ 1992ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಸ್ಟ್ಯಾನ್ಲಿ ಕರ್ಟ್ಸ್ ತಂದ ಪುಸ್ತಕದ ಹೆಸರೇ ‘ಎಲ್ಲ ತಾಯಂದಿರೂ ಒಂದೇ’ ಎಂಬರ್ಥದ್ದು. ಸಂತೋಷಿ ಮಾತೆಯ ಭಕ್ತರನ್ನು ಮಾತಾಡಿಸಿದಾಗ ಅವರಿಗೆ ಸಿಗುತ್ತಿದ್ದ ಉತ್ತರವೇ ಅದು. ಈ ದೇವಿ ಬೇರೆ, ಆ ದೇವಿ ಬೇರೆ ಎಂದು ಪಟ್ಟಿ ಮಾಡಲು ಹೋದವರಿಗೆ ಭಕ್ತರು ಎಲ್ಲ ಒಬ್ಬಳೇ ಎಂದುಬಿಡುತ್ತಿದ್ದರು. ಕೂಡುಕುಟುಂಬದ ಮಗು ಒಬ್ಬ ತಾಯಿಯ ಮಡಿಲಿಂದ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಅತ್ತೆಯರ ಗುಂಪಿಗೆ ದಾಟುತ್ತ ಬೆಳೆಯುತ್ತದೆ. ಆದ್ದರಿಂದ ಯುರೋಪಿನ ಪುಟ್ಟ ಮನೆಯ ಮಗುವಿನಿಂದ ಹುಟ್ಟಿದ ಸಿದ್ಧಾಂತವನ್ನು ಇಲ್ಲಿಗೆ ಹಾಗೆಯೇ ತಂದು ಕೂರಿಸಲಾಗದು ಎಂದು ಕರ್ಟ್ಸ್ ವಾದಿಸಿದರು. ಚಿತ್ರದಲ್ಲೂ ಲಕ್ಷ್ಮಿ, ಪಾರ್ವತಿ, ಬ್ರಹ್ಮಾಣಿಯರು ಹೊಸ ದೇವಿಯ ಮೇಲೆ ಮತ್ಸರ ಪಟ್ಟು, ಕೊನೆಗೆ ಅವಳನ್ನು ಒಪ್ಪಿ ಹರಸುತ್ತಾರೆ. ಇದು ಒಳ್ಳೆಯ ತಿದ್ದುಪಡಿ. ಭಕ್ತರ ಮಾತನ್ನು ರೋಗಲಕ್ಷಣವೆಂದು ಓದದೆ ತಿಳಿವಳಿಕೆಯೆಂದು ಒಪ್ಪಿಕೊಂಡ ಆ ವಿನಯ ನನಗೆ ಬಹಳ ಹಿಡಿಸುತ್ತದೆ. ಆದರೂ ಕರ್ಟ್ಸ್ ಉತ್ತರ ಹುಡುಕಿದ್ದು ತೊಟ್ಟಿಲಿನಲ್ಲೇ. ತೊಟ್ಟಿಲಿಗೂ ಚಿತ್ರಮಂದಿರಕ್ಕೂ ನಡುವೆ ಒಂದು ಇಡೀ ಆಯುಷ್ಯದ ಕಲಿಕೆ ಇದೆಯಲ್ಲ.

ಆ ಕಲಿಕೆ ಏನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಚೌತಿಯ ಬೆಳಿಗ್ಗೆ ಪೇಟೆಯಲ್ಲಿ ಮಣ್ಣಿನ ಗಣಪನ ಕಿವಿ, ಸೊಂಡಿಲು ತಿರುಗಿಸಿ ನೋಡಿ, ಬಣ್ಣ ಸರಿಯಿಲ್ಲವೆಂದು ಚೌಕಾಶಿ ಮಾಡಿ ಕೊಳ್ಳುವವರೇ ಎರಡು ಗಂಟೆಯ ನಂತರ ಪ್ರಾಣಪ್ರತಿಷ್ಠೆ ಮಾಡಿಸಿ ಅದಕ್ಕೆ ಅಡ್ಡಬೀಳುತ್ತಾರೆ. ಸಂಜೆಯೋ ಮೂರನೆಯ ದಿನವೋ ಪೀಠವನ್ನು ಬಲಕ್ಕೆ ಕೊಂಚ ಅಲುಗಿಸಿ, ವಿಸರ್ಜನೆ ಹೇಳಿ, ಬಾವಿಗೆ ಬಿಡುತ್ತಾರೆ. ಆವಾಹನೆಗೆ ಮೊದಲು ಅದು ಮಣ್ಣು, ವಿಸರ್ಜನೆಯ ನಂತರವೂ ಮಣ್ಣು, ನಡುವೆ ದೇವರು. ಇದರಲ್ಲಿ ಯಾರಿಗೂ ಗೊಂದಲವಿಲ್ಲ. ದಕ್ಷಿಣ ಕನ್ನಡದಲ್ಲಿ ಕಟೀಲಿನ ಯಕ್ಷಗಾನ ಮೇಳಗಳಿಗೆ ಹರಕೆಯಾಟ ಹೇಳಿಕೊಂಡು ವರ್ಷಗಟ್ಟಲೆ ಸರದಿ ಕಾಯುವ ಮನೆಗಳಿವೆ. ಆಟದ ದಿನ ಚೌಕಿಯಲ್ಲಿ ಗಣಪತಿಗೆ ಪೂಜೆಯಾಗದೆ ವೇಷ ಹೊರಡುವುದಿಲ್ಲ. ‘ದೇವಿ ಮಹಾತ್ಮೆ’ಯಲ್ಲಿ ಸ್ತ್ರೀವೇಷ ಕಟ್ಟಿದವರು ಯಾರ ಮನೆಯ ಗಂಡಸು ಎಂದು ಬಲ್ಲವರೇ ದೇವಿ ಪ್ರತ್ಯಕ್ಷವಾಗುವಾಗ ಎದ್ದು ಕೈಮುಗಿಯುತ್ತಾರೆ. ಕಾಶಿಯ ಬಳಿಯ ರಾಮನಗರದ ರಾಮಲೀಲೆಯಲ್ಲಿ ಕಿರೀಟ ಧರಿಸಿದ ಹುಡುಗರಿಗೆ ಪ್ರತಿರಾತ್ರಿ ಆರತಿ. ಇಂಥ ಬಯಲಲ್ಲಿ, ಹಜಾರದಲ್ಲಿ ಕಲಿತ ನೋಟವನ್ನು ಜನ ಚಿತ್ರಮಂದಿರಕ್ಕೆ ಕೈಹಿಡಿದು ತಂದರು. ಹಾಗಾಗಿ ಆ ಹೆಂಗಸರು ಏನನ್ನು ನಂಬಿದ್ದರು ಎಂಬುದಕ್ಕಿಂತ, ಯಾವ ಹೊತ್ತಿಗೆ, ಯಾವ ಚೌಕಟ್ಟಿನಲ್ಲಿ, ಯಾವ ಸಂಕೇತ ಕಂಡಾಗ ಅವರ ಗಮನ ಒಂದು ರೀತಿಯಿಂದ ಇನ್ನೊಂದಕ್ಕೆ ಹೊರಳಿತು ಎಂದು ಕೇಳುವುದೇ ಮನೋವಿಜ್ಞಾನಕ್ಕೆ ತಕ್ಕ ಪ್ರಶ್ನೆ. ಮನ್‌ಸ್ಟರ್‌ಬರ್ಗ್ ಕೇಳಿರುತ್ತಿದ್ದ ಪ್ರಶ್ನೆಯೂ ಅದೇ ಎಂದು ನನ್ನ ಊಹೆ.

ವಿಸರ್ಜನೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಸಿನಿಮಾದಲ್ಲೇ ಸಾಕ್ಷಿಯಿದೆ. ಸತ್ಯಜಿತ್ ರಾಯ್ ಅವರ 1960ರ ‘ದೇವಿ’ಯಲ್ಲಿ ಜಮೀನ್ದಾರ ಮಾವ ಒಂದು ಕನಸು ಕಂಡು, ಸೊಸೆ ದಯಾಮಯಿ ಕಾಳಿಯ ಅವತಾರವೆಂದು ಅವಳ ಕಾಲಿಗೆ ಬೀಳುತ್ತಾನೆ. ಮನೋವಿಶ್ಲೇಷಕರಿಗೆ ಆ ಕನಸು ಹಬ್ಬ. ಮಾವನ ಬಯಕೆ, ತಾಯಿಯ ಬಿಂಬ, ಎಲ್ಲ ಅಲ್ಲಿವೆ, ಅವರ ಓದನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಆದರೆ ಹದಿನೇಳರ ಆ ಹುಡುಗಿಯನ್ನು ಹುಚ್ಚಿಗೆ ದೂಡುವುದು ಕನಸೊಂದೇ ಅಲ್ಲ. ದುರ್ಗಾಪೂಜೆಯ ಮಣ್ಣಿನ ದೇವಿಯನ್ನು ಬಂಗಾಳ ದಶಮಿಯಂದು ಹೊಳೆಗೆ ಕಳಿಸಿಕೊಡುತ್ತದೆ. ದಯಾಮಯಿಯನ್ನು ಪೀಠದಿಂದ ಇಳಿಸುವ ವಿಧಿ ಯಾರ ಬಳಿಯೂ ಇಲ್ಲ. ಕಾಯಿಲೆಯ ಮಗುವೊಂದು ಚೇತರಿಸಿಕೊಂಡ ಮೇಲೆ ಜನಸಾಲು ಬೆಳೆಯುತ್ತದೆ, ಅವಳನ್ನು ಮನುಷ್ಯಳಾಗಿ ಮರಳಿಸುವ ದಾರಿ ಮುಚ್ಚಿಹೋಗುತ್ತದೆ. ಆರೋಗ್ಯವಂತ ಭಕ್ತಿಗೂ ರೋಗಕ್ಕೂ ನಡುವಿನ ಗೆರೆ ಇಲ್ಲೇ ಇರಬಹುದು: ಕರೆದ ದೇವರನ್ನು ಕಳಿಸಿಕೊಡುವ ರೂಢಿ ಜೊತೆಗಿದೆಯೇ, ಇಲ್ಲವೇ ಎಂಬಲ್ಲಿ.

ಈ ವಾದಕ್ಕೆ ಆಕ್ಷೇಪಗಳಿವೆ. ಮೊದಲನೆಯದು ಸಾಕ್ಷ್ಯದ್ದೇ. ಅಡ್ಡಬಿದ್ದ ಜನರ ಕಥೆಗಳನ್ನು ಬರೆದವರು ಅಡ್ಡಬೀಳದವರು. ಲೂಮಿಯೇರ್ ಸೋದರರ ರೈಲು ತೆರೆಯ ಮೇಲೆ ಬಂದಾಗ ಪ್ಯಾರಿಸ್ಸಿನ ಜನ ಹೆದರಿ ಓಡಿದರೆಂಬ ಕಥೆಯನ್ನೇ ಈಗ ಇತಿಹಾಸಕಾರರು ಒಪ್ಪುವುದಿಲ್ಲ. ಮುಗ್ಧ ಪ್ರೇಕ್ಷಕನೆಂಬ ಪಾತ್ರವನ್ನು ಓದುಬಲ್ಲವರು ಕಟ್ಟಿಕೊಂಡರು ಎನ್ನುತ್ತಾರೆ. ನಮ್ಮ ಕಥೆಗಳಲ್ಲೂ ಉತ್ಪ್ರೇಕ್ಷೆ ಇದ್ದೀತು. ಹಾಗಿದ್ದರೆ ಅದು ನನ್ನ ವಾದವನ್ನು ಬಲಪಡಿಸುತ್ತದೆ, ಏಕೆಂದರೆ ಉತ್ಪ್ರೇಕ್ಷೆಯಾದದ್ದು ಜನರ ಮೌಢ್ಯವೇ ಹೊರತು ಕೈಮುಗಿಯುವ ರೂಢಿಯಲ್ಲ. ಎರಡನೆಯದು ವ್ಯಾಪಾರದ್ದು: ಇದೆಲ್ಲ ಪ್ರದರ್ಶಕರ ಪ್ರಚಾರ ತಂತ್ರವಲ್ಲವೇ? ತಂತ್ರವೂ ಇತ್ತು. 2023ರಲ್ಲಿ ‘ಆದಿಪುರುಷ್’ ನಿರ್ಮಾಪಕರು ಪ್ರತಿ ಪ್ರದರ್ಶನದಲ್ಲೂ ಹನುಮಂತನಿಗೆ ಒಂದು ಕುರ್ಚಿ ಖಾಲಿ ಬಿಡುವುದಾಗಿ ಸಾರಿದರು. ರಾಮಾಯಣ ಪಾರಾಯಣ ನಡೆವಲ್ಲಿ ಹನುಮಂತನಿಗೊಂದು ಮಣೆ ಹಾಕುವ ಪದ್ಧತಿ ಮೊದಲೇ ಇಲ್ಲದಿದ್ದರೆ ಆ ಕುರ್ಚಿಗೆ ಅರ್ಥವೇ ಇರುತ್ತಿರಲಿಲ್ಲ. ಕುರ್ಚಿ ಬಿಟ್ಟರೂ ಚಿತ್ರದ ಹನುಮಂತನ ಮಾತುಗಳು ಒರಟಾದವೆಂದು ಜನ ಸಿಟ್ಟಾದರು, ಸಂಭಾಷಣೆ ಬದಲಿಸಬೇಕಾಯಿತು. ವ್ಯಾಪಾರಿ ರೂಢಿಯನ್ನು ಬಳಸಿಕೊಳ್ಳಬಲ್ಲ, ತನ್ನಿಷ್ಟದಂತೆ ಬಗ್ಗಿಸಲಾರ.

ಮೂರನೆಯದು ಗಟ್ಟಿ ಆಕ್ಷೇಪ. ಗೊತ್ತಿದ್ದೂ ನಂಬುವುದನ್ನು ಮನೋವಿಶ್ಲೇಷಣೆ ಬಲ್ಲದು. ‘ನನಗೆ ಚೆನ್ನಾಗಿ ಗೊತ್ತು, ಆದರೂ...’ ಎಂಬುದನ್ನೇ ಫ್ರೆಂಚ್ ಮನೋವಿಶ್ಲೇಷಕ ಆಕ್ಟೇವ್ ಮನೋನಿ ತನ್ನ ಪ್ರಬಂಧದ ಹೆಸರಾಗಿಸಿದ್ದ. ಅದನ್ನೇ ಸಿನಿಮಾಕ್ಕೆ ಹಚ್ಚಿದ ಕ್ರಿಸ್ತಿಯಾನ್ ಮೆಟ್ಸ್‌ನ ಪ್ರಖ್ಯಾತ ಲೇಖನ ಪ್ಯಾರಿಸ್ಸಿನಲ್ಲಿ ಪ್ರಕಟವಾದದ್ದು ಸಹ 1975ರಲ್ಲೇ. ಇವರ ಪ್ರಕಾರ ಆ ‘ಆದರೂ’ ಹುಟ್ಟುವುದು ಒಂದು ಕೊರತೆಯನ್ನು ಮರೆಮಾಚುವುದಕ್ಕೆ, ಸಹಿಸಲಾಗದ್ದನ್ನು ನೋಡದಂತಿರುವುದಕ್ಕೆ. ಗಣಪನನ್ನು ಬಾವಿಗೆ ಬಿಡುವವರು ಏನನ್ನೂ ಮರೆಮಾಚುತ್ತಿಲ್ಲ. ಮಣ್ಣು ಮಣ್ಣೆಂಬುದನ್ನು ಮಂತ್ರ ಹೇಳಿ, ನಾಲ್ಕು ಜನರ ಮುಂದೆ, ಮಕ್ಕಳ ಕೈಯಲ್ಲೇ ಮಾಡಿಸಿ ತೋರಿಸುತ್ತಾರೆ. ಬಯಲಲ್ಲೇ ನಡೆವ ಇದನ್ನು ವಿವರಿಸಲು ಗುಟ್ಟಿನ ಸಿದ್ಧಾಂತ ಬೇಕಿಲ್ಲ.

ಕೊನೆಯದು ರಾಜಕೀಯ. 1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರ ಬೆಳಿಗ್ಗೆ ‘ರಾಮಾಯಣ್’ ಧಾರಾವಾಹಿ ಬರುತ್ತಿದ್ದಾಗ ಟಿ.ವಿ. ಪೆಟ್ಟಿಗೆಗೇ ಹೂಮಾಲೆ ಬಿತ್ತು. ಈ ಭಕ್ತಿ ಮತಗಳಿಕೆಗೆ ನೆಲ ಹದಮಾಡಿತು ಎಂಬ ವಾದವನ್ನು ಅರವಿಂದ ರಾಜಗೋಪಾಲರಂಥವರು ಗಂಭೀರವಾಗಿ ಕಟ್ಟಿದ್ದಾರೆ. ರೂಢಿ ನಿರುಪದ್ರವಿ ಎಂದು ನಾನೂ ಹೇಳುತ್ತಿಲ್ಲ. ಆದರೆ ಮತದಾರರು ನಟಿಯನ್ನು ಸೀತೆಯೆಂದೇ ಭ್ರಮಿಸಿದರು ಎಂಬ ಸುಲಭದ ವಿವರಣೆ ನಿಲ್ಲುವುದಿಲ್ಲ. 1991ರಲ್ಲಿ ಸೀತೆಯ ಪಾತ್ರದ ದೀಪಿಕಾ ಬರೋಡಾದಿಂದ ಗೆದ್ದರು, ಅವರದೇ ಪಕ್ಷದಿಂದ ರಾವಣನ ಪಾತ್ರದ ಅರವಿಂದ ತ್ರಿವೇದಿ ಸಾಬರಕಾಂಠಾದಿಂದ ಗೆದ್ದರು. ಕನ್ನಡದ ಸಾಕ್ಷಿ ಇನ್ನೂ ಸ್ಪಷ್ಟ. ರಾಜ್‌ಕುಮಾರ್ 1954ರ ‘ಬೇಡರ ಕಣ್ಣಪ್ಪ’ದಿಂದ ಶುರುಮಾಡಿ 1966ರ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ರಾಘವೇಂದ್ರ ಸ್ವಾಮಿಗಳಾದರು. ಜನ ಅವರನ್ನು ಕರೆದದ್ದು ಅಣ್ಣಾವ್ರು ಎಂದು. ದೇವರು ಎಂಬ ಮಾತನ್ನು ಅವರೇ ತಿರುಗಿಸಿ ‘ಅಭಿಮಾನಿ ದೇವರುಗಳು’ ಎಂದು ಜನಕ್ಕೆ ಕೊಟ್ಟರು, ಚುನಾವಣೆಗೆ ನಿಲ್ಲಲಿಲ್ಲ. ತೆರೆಯ ಮೇಲಿನ ಗುರುಗಳಿಗೆ ಕೈಮುಗಿದು, ಹೊರಬಂದು ನಟನನ್ನು ಅಣ್ಣ ಎನ್ನುವುದರಲ್ಲಿ ಕನ್ನಡ ಪ್ರೇಕ್ಷಕ ಎಲ್ಲೂ ಎಡವಲಿಲ್ಲ.

ಈ ರೂಢಿಯ ಗಡಿ ಎಲ್ಲಿದೆ ಎಂಬುದು ಈಚೆಗೆ ಕರಾವಳಿಯ ಕಥೆಯಲ್ಲೇ ಕಂಡಿತು. 2022ರಲ್ಲಿ ದೈವಾರಾಧನೆಯ ಕಥೆಯ ‘ಕಾಂತಾರ’ ಚಿತ್ರ ಬಂದಾಗ ಚಿತ್ರಮಂದಿರಗಳಲ್ಲಿ ಕೆಲವರಿಗೆ ಮೈದುಂಬಿತೆಂಬ ಸುದ್ದಿಗಳು ಹರಡಿದವು. 2025ರಲ್ಲಿ ಅದರ ಮುಂಚಿನ ಕಥೆ ತೆರೆಕಂಡಾಗ ಕೆಲವರು ದೈವದ ವೇಷ ಹಾಕಿಕೊಂಡೇ ಚಿತ್ರಮಂದಿರಕ್ಕೆ ಬಂದರು, ಕೂಗಿದರು, ಕುಣಿದರು. ತಡೆಯಲು ಮೊದಲು ದನಿ ಎತ್ತಿದವರಲ್ಲಿ ವಿಚಾರವಾದಿಗಳಿಗಿಂತ ದೈವವನ್ನು ನಂಬಿದವರೇ ಹೆಚ್ಚು. ಹಾಗೆ ಮಾಡಬೇಡಿ ಎಂದು ಚಿತ್ರತಂಡವೂ ಕೇಳಿಕೊಂಡಿತು. ದೈವದ ಕೋಲದ ಕಟ್ಟು ತಿಳಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ದೈವ ಕಟ್ಟುವವರು ಊರವರ ಕೈಯಿಂದ ಎಣ್ಣೆ ಬೂಳ್ಯ, ಅಂದರೆ ಎಣ್ಣೆ ವೀಳ್ಯ, ಪಡೆಯಬೇಕು, ಮುಖಕ್ಕೆ ಅರದಾಳದ ಹಳದಿ ಬಳಿದುಕೊಳ್ಳಬೇಕು, ಅಣಿ ಏರಿಸಬೇಕು, ಗಗ್ಗರ ಕೈಗೆತ್ತಿಕೊಂಡು ಅಪ್ಪಣೆ ಕೇಳಬೇಕು. ಮುಗಿದ ಮೇಲೆ ಬಣ್ಣ ತೊಳೆದು ಮನೆಗೆ ನಡೆಯಬೇಕು. ಕೂತಲ್ಲೇ ಕೈಮುಗಿದವರನ್ನು ಯಾರೂ ತಡೆಯಲಿಲ್ಲ. ಎಣ್ಣೆ ಬೂಳ್ಯವಿಲ್ಲದೆ ಬಣ್ಣ ಹಚ್ಚಿಕೊಂಡು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಎಂದರು.